ಕೊಡ ಮುಳುಗಿದಂತೆ ಹಡಗು ಮುಳುಗುವುದು

ಬಗದಲ್, ಭಾಲ್ಕಿ, ಔರಾದ್ ಕಡೆಯ ಮಕ್ಕಳಿಗೆ ವಿಮಾನ ಹೊಸದಲ್ಲ. ಬೀದರ್ ವಾಯುನೆಲೆಯ ತರಬೇತಿ ವಿಮಾನಗಳ ಸದ್ದು ಕೇಳುತ್ತಲೇ ಬೆಳೆದವರು ಅವರು. ಆದರೆ ಸಮುದ್ರ ನೂರಾರು ಕಿಲೋಮೀಟರ್ ದೂರ. ಇನ್ನು ಸಮುದ್ರದ ಅಡಿಯಲ್ಲಿ ಓಡುವ ಹಡಗೆಂದರೆ ಅಜ್ಜಿಯ ಕಥೆಯಂತೆಯೇ ಕೇಳಿಸೀತು.

ಬಾವಿಗೆ ಬಿಟ್ಟ ಖಾಲಿ ಕೊಡ ತೇಲುತ್ತದೆ. ನೀರು ತುಂಬಿದರೆ ಮುಳುಗುತ್ತದೆ. ಜಲಾಂತರ್ಗಾಮಿಯ ಗುಟ್ಟೂ ಇಷ್ಟೇ. ಅದರ ತೊಟ್ಟಿಗಳಿಗೆ ಸಮುದ್ರದ ನೀರು ಬಿಟ್ಟರೆ ಕೆಳಕ್ಕೆ ಇಳಿಯುತ್ತದೆ. ಒತ್ತಿಟ್ಟ ಗಾಳಿಯಿಂದ ಆ ನೀರನ್ನು ಹೊರದಬ್ಬಿದರೆ ಮೇಲೆ ಬರುತ್ತದೆ. ಮುಳುಗುವುದು ಸುಲಭ, ಒಳಗಿದ್ದವರು ಬದುಕಿ ಬರುವುದು ಕಷ್ಟ.

ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ಬಳಸಿದ ‘ಹನ್ಲಿ’ಯ ಕಥೆ ಕೇಳಿ. ಅದಕ್ಕೆ ಎಂಜಿನ್ ಇರಲಿಲ್ಲ. ಒಳಗೆ ಕುಳಿತವರು ಕೈಯಿಂದಲೇ ಹಿಡಿಕೆ ತಿರುಗಿಸಿ ಓಡಿಸಬೇಕಿತ್ತು. 1863ರಲ್ಲಿ ಅದು ಎರಡು ಬಾರಿ ಮುಳುಗಿ 13 ಮಂದಿ ಸತ್ತರು. ಅದನ್ನು ಕಟ್ಟಿಸಿದವರಲ್ಲಿ ಒಬ್ಬನಾದ ಹೊರೇಸ್ ಹನ್ಲಿಯೂ ಅವರಲ್ಲಿದ್ದ. ಎರಡು ಸಲವೂ ಮೇಲೆತ್ತಿ ಮತ್ತೆ ನೀರಿಗಿಳಿಸಿದರು! 1864ರ ಫೆಬ್ರುವರಿ 17ರ ರಾತ್ರಿ ಅದು ‘ಹೌಸಟಾನಿಕ್’ ಎಂಬ ಯುದ್ಧನೌಕೆಯನ್ನು ಮುಳುಗಿಸಿತು. ಜಲಾಂತರ್ಗಾಮಿಯೊಂದು ಹಾಗೆ ಮಾಡಿದ್ದು ಅದೇ ಮೊದಲು. ಒಳಗಿದ್ದ 8 ಮಂದಿ ಮಾತ್ರ ಮರಳಲಿಲ್ಲ. ಹಿಂದಿನ ಎರಡು ತಂಡಗಳ ಗತಿ ತಿಳಿದಿದ್ದೂ ಅವರು ಹತ್ತಿದ್ದರು.

ಮುಂದೆ ಡೀಸೆಲ್ ಎಂಜಿನ್, ಬ್ಯಾಟರಿಗಳು ಬಂದವು. ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕು. ಆದ್ದರಿಂದ ಆಳದಲ್ಲಿ ಬ್ಯಾಟರಿಯೇ ಗತಿ. ಅದು ಇಳಿದಾಗ ಮೇಲೇರಲೇಬೇಕು. ಈ ಕಟ್ಟು ಬಿಡಿಸಿದ್ದು ಅಣುಶಕ್ತಿ. 1954ರಲ್ಲಿ ಸೇವೆಗೆ ಸೇರಿದ ಅಮೆರಿಕದ ‘ನಾಟಿಲಸ್’ 1958ರ ಆಗಸ್ಟ್ 3ರಂದು ಮಂಜುಗಡ್ಡೆಯ ಅಡಿಯಲ್ಲೇ ಉತ್ತರ ಧ್ರುವ ದಾಟಿತು.

ನಮ್ಮ ನೌಕಾಪಡೆಗೆ ಮೊದಲ ಜಲಾಂತರ್ಗಾಮಿ ‘ಕಲ್ವರಿ’ ಸೇರಿದ್ದು 1967ರ ಡಿಸೆಂಬರ್ 8ರಂದು, ಆಗಿನ ಸೋವಿಯತ್ ಒಕ್ಕೂಟದ ರೀಗಾ ಬಂದರಿನಲ್ಲಿ. ಭಾರತದಲ್ಲೇ ಕಟ್ಟಿದ ಮೊದಲನೆಯದು ಮುಂಬೈಯ ಮಜಗಾಂವ್ ಡಾಕ್‌ನ ‘ಶಲ್ಕಿ’ (1992). ಅಣುಶಕ್ತಿಯ ‘ಅರಿಹಂತ್’ 2016ರಲ್ಲಿ ಸೇವೆಗೆ ಬಂತು.

ಮಗನೋ ಮಗಳೋ ನೌಕಾಪಡೆ ಸೇರುತ್ತೇನೆಂದರೆ ತಂದೆತಾಯಿ ಕೇಳುವ ಮೊದಲ ಪ್ರಶ್ನೆ: ಅಪಾಯವಿಲ್ಲವೇ? ಇದೆ. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ‘ಸಿಂಧುರಕ್ಷಕ್’ನಲ್ಲಿ ಕುಳಿತು ವಿಶಾಖಪಟ್ಟಣದ ಬಳಿ ಸಮುದ್ರದಡಿ ಸಾಗಿದ್ದರು. ಅದೇ ಸಿಂಧುರಕ್ಷಕ್ 2013ರ ಆಗಸ್ಟ್ 14ರಂದು ಮುಂಬೈ ಬಂದರಿನಲ್ಲಿ ನಿಂತಿದ್ದಾಗಲೇ ಸ್ಫೋಟಗೊಂಡು ಮುಳುಗಿತು. 18 ಮಂದಿ ಪ್ರಾಣ ತೆತ್ತರು. ಹಾಗೆಂದು ಯಾರೂ ಈ ಕೆಲಸ ಬಿಟ್ಟಿಲ್ಲ. 2022ರ ಮೇ ತಿಂಗಳಲ್ಲಿ ನಮ್ಮ ಕಾರವಾರದ ನೌಕಾನೆಲೆಯಿಂದ ರಕ್ಷಣಾ ಸಚಿವ ರಾಜನಾಥ್ ಸಿಂಗ್ ‘ಖಂಡೇರಿ’ಯಲ್ಲಿ ಹೊರಟು ನಾಲ್ಕು ಗಂಟೆ ಸಮುದ್ರದಡಿ ಕಳೆದರು.

ಒಳಹೊಕ್ಕು ನೋಡುವ ಆಸೆಯಿದ್ದವರು ವಿಶಾಖಪಟ್ಟಣಕ್ಕೆ ಹೋಗಬೇಕು. 1969ರಿಂದ 2001ರವರೆಗೆ ದುಡಿದ ‘ಕುರ್ಸುರಾ’ವನ್ನು ಅಲ್ಲಿನ ಆರ್.ಕೆ. ಬೀಚ್‌ನಲ್ಲಿ ದಡಕ್ಕೆಳೆದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಉದ್ದ 91 ಮೀಟರ್, ಕಿಟಕಿ ಒಂದೂ ಇಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ದುಂಡನೆಯ ಕಿಂಡಿಯಲ್ಲೇ ದಾಟಬೇಕು. ಮಕ್ಕಳು ಸಲೀಸಾಗಿ ನುಸುಳುತ್ತಾರೆ. ಅಪ್ಪಂದಿರು ತಲೆ ಜೋಪಾನ.