ಮೊಬೈಲ್ ಕೆಲಸ ಕಲಿಸಲು ಚಲಿಸುವ ಚಿತ್ರ

"ನೋಡಿ ತಿಳಿ, ಮಾಡಿ ಕಲಿ" ಎಂಬುದು ಕೃಷಿ ವಿಸ್ತರಣೆಯ ಹಳೆಯ ಮಾತು. ಬೀಜೋಪಚಾರವಾಗಲಿ, ಕಸಿ ಕಟ್ಟುವುದಾಗಲಿ, ಬಾಯಲ್ಲಿ ಹೇಳಿದರೆ ಅರ್ಧ ತಿಳಿಯುತ್ತದೆ. ಕಣ್ಣ ಮುಂದೆ ಮಾಡಿ ತೋರಿಸಿದರೆ ಪೂರ್ತಿ ತಿಳಿಯುತ್ತದೆ. ಈಗ ಬೇಸಾಯದ ಕೆಲಸದಲ್ಲಿ ಒಂದು ಪಾಲು ಮೊಬೈಲ್ ಫೋನಿನ ಪರದೆಯ ಮೇಲೆ ನಡೆಯುತ್ತಿದೆ. ಈ ಕೆಲಸಕ್ಕೂ ಅದೇ ಮಾತು ಅನ್ವಯಿಸುತ್ತದೆ.

ಬೆಳೆ ಸಮೀಕ್ಷೆಯನ್ನೇ ತೆಗೆದುಕೊಳ್ಳಿ. 2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಜಮೀನಿನ ಬೆಳೆಯನ್ನು ಆ್ಯಪ್ ಮೂಲಕ ದಾಖಲಿಸಲು ಅವಕಾಶ ದೊರೆತಿದೆ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆ ಹಾನಿ ಪರಿಹಾರ ಮುಂತಾದವುಗಳಿಗೆ ಈ ದಾಖಲೆಯನ್ನು ಬಳಸಲಾಗುತ್ತದೆ. ತೊಗರಿ ಬಿತ್ತಿದ ಹೊಲ ದಾಖಲೆಯಲ್ಲಿ ಬೇರೆ ಬೆಳೆಯೆಂದು ಸೇರಿದರೆ, ಪರಿಹಾರ ಬರುವ ಹೊತ್ತಿಗೆ ರೈತ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಬೆರಳು ತಪ್ಪಿದ್ದು ಒಂದು ಕಡೆ, ನಷ್ಟ ಇನ್ನೊಂದು ಕಡೆ.

ಊರಿನಲ್ಲಿರುವ ತಂದೆಗೆ ಪಟ್ಟಣದ ಮಗ ಫೋನಿನಲ್ಲಿ ಹೇಳಿಕೊಡುತ್ತಾನೆ: "ಅಪ್ಪಾ, ಮೇಲ್ಗಡೆ ಮೂರು ಗೀಟು ಇದೆಯಲ್ಲಾ, ಅದನ್ನ ಒತ್ತಿ." ತಂದೆ ಕೇಳುತ್ತಾರೆ: "ಯಾವ ಗೀಟೋ ಮಗಾ, ನನಗೆ ಕಾಣೋದಿಲ್ಲವಲ್ಲ?" ಇಂತಹ ಕಡೆ ಅರ್ಧ ಗಂಟೆಯ ಮಾತಿಗಿಂತ ಎಂಟು ಸೆಕೆಂಡಿನ ಚಲಿಸುವ ಚಿತ್ರ ಹೆಚ್ಚು ಉಪಯುಕ್ತ. ಅದನ್ನು ತಯಾರಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಚಲಿಸುವ ಚಿತ್ರ ಎಂದರೇನು?

ಇದನ್ನು ಸಾಮಾನ್ಯವಾಗಿ ಜಿಫ್ ಎನ್ನುವರು. ಗಿಫ್ ಎಂದು ಹೇಳುವವರೂ ಉಂಟು. 1987ರಲ್ಲಿ ಅಮೆರಿಕದ ಕಂಪ್ಯೂಸರ್ವ್ ಸಂಸ್ಥೆಯಲ್ಲಿ ಸ್ಟೀವ್ ವಿಲ್ಹೈಟ್ ಅವರ ತಂಡ ಇದನ್ನು ರೂಪಿಸಿತು. ಹಲವು ಬಿಡಿಚಿತ್ರಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಪ್ರತಿಯೊಂದೂ ಎಷ್ಟು ಹೊತ್ತು ಕಾಣಬೇಕೆಂದು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಬರೆದಿಟ್ಟಿರುತ್ತದೆ. ಕೊನೆ ಮುಟ್ಟಿದೊಡನೆ ಮತ್ತೆ ಮೊದಲಿನಿಂದ ಓಡುವಂತೆ ಮಾಡಬಹುದು. ಹೀಗಾಗಿ ನೋಡುವವರು ಏನನ್ನೂ ಒತ್ತಬೇಕಾಗಿಲ್ಲ. ಅರ್ಥವಾಗುವ ತನಕ ಎಷ್ಟು ಸಾರಿಯಾದರೂ ನೋಡಬಹುದು.

ಇದಕ್ಕೆ ಎರಡು ಮಿತಿಗಳಿವೆ. ಮೊದಲನೆಯದು, ಧ್ವನಿ ಇರುವುದಿಲ್ಲ. ಎರಡನೆಯದು, ಒಂದು ಬಿಡಿಚಿತ್ರದಲ್ಲಿ 256ಕ್ಕಿಂತ ಹೆಚ್ಚು ಬಣ್ಣಗಳಿರಲಾರವು. ಆ್ಯಪ್‌ನ ಪರದೆಯಲ್ಲಿ ಬಿಳಿ ನೆಲ, ಕಪ್ಪು ಅಕ್ಷರ, ಒಂದೆರಡು ಬಣ್ಣದ ಗುಂಡಿ ಇಷ್ಟೇ ಇರುವುದರಿಂದ ಈ ಬಣ್ಣಗಳು ಧಾರಾಳವಾಗಿ ಸಾಕು. ಒಂದೇ ಬಣ್ಣ ಸಾಲಾಗಿ ಬಂದಷ್ಟೂ ಕಡತ ಚಿಕ್ಕದಾಗುತ್ತದೆ. ಆದರೆ ಹೊಲದ ಫೋಟೋದಲ್ಲಿ ಸಾವಿರಾರು ಬಗೆಯ ಹಸಿರು ಇರುತ್ತದೆ. ಅದು ಜಿಫ್‌ನಲ್ಲಿ ಪಟ್ಟೆಪಟ್ಟೆಯಾಗಿ ಕಾಣುವುದಲ್ಲದೆ ಕಡತವೂ ಊದಿಕೊಳ್ಳುತ್ತದೆ. ಆದ್ದರಿಂದ ಎಲೆ ರೋಗ, ಕೀಟ ಇವುಗಳನ್ನು ತೋರಿಸಲು ಸಾಮಾನ್ಯ ಫೋಟೋ ಅಥವಾ ವಿಡಿಯೋ ಮೇಲು. ಮಾತಿನ ವಿವರಣೆ ಬೇಕಾದಲ್ಲಿಯೂ ವಿಡಿಯೋವೇ ಸರಿ.

ಪರದೆಯನ್ನು ಚಿತ್ರಿಸುವುದು

ಮೊದಲು ಪರದೆಯ ಮೇಲೆ ನಡೆಯುವುದನ್ನು ವಿಡಿಯೋ ಆಗಿ ಹಿಡಿಯಬೇಕು. 2020ರಲ್ಲಿ ಬಂದ ಆಂಡ್ರಾಯ್ಡ್ 11 ಮತ್ತು ಅನಂತರದ ಆವೃತ್ತಿಗಳ ಫೋನುಗಳಲ್ಲಿ ಇದಕ್ಕೆ ಸೌಲಭ್ಯವಿದೆ. ಪರದೆಯ ಮೇಲ್ತುದಿಯಿಂದ ಬೆರಳನ್ನು ಕೆಳಕ್ಕೆ ಎಳೆದರೆ ಬರುವ ಗುಂಡಿಗಳಲ್ಲಿ ಸ್ಕ್ರೀನ್ ರೆಕಾರ್ಡ್ ಎಂಬುದನ್ನು ಹುಡುಕಿ. ಪ್ರಾರಂಭಿಸುವ ಮುನ್ನ ಈ ಅಂಶಗಳನ್ನು ಗಮನಿಸಬೇಕು:

1. ಬೆರಳು ಮುಟ್ಟಿದ ಜಾಗವನ್ನು ತೋರಿಸುವ ಆಯ್ಕೆ ಇದ್ದರೆ ಅದನ್ನು ಹಾಕಿಕೊಳ್ಳಿ. ಎಲ್ಲಿ ಒತ್ತಿದಿರಿ ಎಂಬುದೇ ಪಾಠದ ಜೀವಾಳ.

2. ಕರೆ ಮತ್ತು ಸಂದೇಶಗಳ ಸೂಚನೆಗಳು ನಡುವೆ ಬಾರದಂತೆ ನಿಲ್ಲಿಸಿ.

3. ಮಾಡಬೇಕಾದುದನ್ನು ಎರಡು ಸಾರಿ ಮಾಡಿ ಅಭ್ಯಾಸ ಮಾಡಿಕೊಳ್ಳಿ. ಚಿತ್ರಿಸುವಾಗ ಪ್ರತಿ ಒತ್ತಿನ ನಂತರ ಒಂದು ಉಸಿರಿನಷ್ಟು ನಿಲ್ಲಿ.

4. ಒಂದು ಚಿತ್ರಕ್ಕೆ ಒಂದೇ ಕೆಲಸ. ಬೆಳೆಯ ಹೆಸರು ಆರಿಸುವುದು ಒಂದು, ವಿಸ್ತೀರ್ಣ ತುಂಬುವುದು ಇನ್ನೊಂದು. 6ರಿಂದ 10 ಸೆಕೆಂಡು ಸಾಕು.

5. ಬೆಳೆಯ ಫೋಟೋ ತೆಗೆಯುವ ಹಂತ ಬಂದಾಗ ಚಿತ್ರೀಕರಣ ನಿಲ್ಲಿಸಿ. ಆ ಭಾಗಕ್ಕೆ ಒಂದು ಸಾಲಿನ ಸೂಚನೆ ಸಾಕು.

ಹಲವು ಬ್ಯಾಂಕ್ ಆ್ಯಪ್‌ಗಳಲ್ಲಿ ಈ ಸೌಲಭ್ಯ ನಡೆಯುವುದಿಲ್ಲ, ಪರದೆ ಕಪ್ಪಾಗಿ ಬರುತ್ತದೆ. ಇದು ಫೋನಿನ ದೋಷವಲ್ಲ. ನಿಮ್ಮ ಹಣದ ರಕ್ಷಣೆಗಾಗಿ ಮಾಡಿದ ಏರ್ಪಾಡು.

ಜಿಫ್ ಆಗಿ ಪರಿವರ್ತಿಸುವುದು

ವಿಡಿಯೋವನ್ನು ಕಂಪ್ಯೂಟರಿಗೆ ಹಾಕಿಕೊಂಡು ಪರಿವರ್ತಿಸುವುದು ಉತ್ತಮ. ವಿಂಡೋಸ್ ಕಂಪ್ಯೂಟರುಗಳಿಗೆ ಸ್ಕ್ರೀನ್‌ಟುಗಿಫ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಇದರಲ್ಲಿ ಬಿಡಿಚಿತ್ರಗಳು ಸಾಲಾಗಿ ಕಾಣುವುದರಿಂದ ಬೇಡವಾದುದನ್ನು ಆರಿಸಿ ತೆಗೆಯಬಹುದು, ಅಕ್ಷರ ಬರೆಯಬಹುದು, ನಿಲ್ಲುವ ಕಾಲವನ್ನು ಬದಲಿಸಬಹುದು. ಕಂಪ್ಯೂಟರಿನ ಪರದೆಯನ್ನೇ ನೇರವಾಗಿ ಹಿಡಿಯಲೂ ಇದು ಬರುತ್ತದೆ. ಆದೇಶ ಬರೆದು ಕೆಲಸ ಮಾಡಿಸುವ ಅಭ್ಯಾಸವಿದ್ದವರಿಗೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶವೂ ಇದೆ.

ಇಲ್ಲಿ ಗಾತ್ರದ ಲೆಕ್ಕ ತಿಳಿದಿರಬೇಕು. 1080 ಅಗಲ, 2400 ಎತ್ತರದ ಫೋನ್ ಪರದೆಯಲ್ಲಿ 25,92,000 ಚುಕ್ಕೆಗಳಿರುತ್ತವೆ. ಅದನ್ನು 360 ಅಗಲ, 800 ಎತ್ತರಕ್ಕೆ ಇಳಿಸಿದರೆ ಚುಕ್ಕೆಗಳು 2,88,000, ಅಂದರೆ ಒಂಬತ್ತನೇ ಒಂದು ಪಾಲು. ಸೆಕೆಂಡಿಗೆ 30 ಬಿಡಿಚಿತ್ರಗಳಂತೆ 10 ಸೆಕೆಂಡಿಗೆ 300 ಬೇಕು. ಸೆಕೆಂಡಿಗೆ 8 ಸಾಕೆಂದರೆ 80 ಆಗುತ್ತದೆ. ಈ ಎರಡೂ ಕ್ರಮಗಳಿಂದ ಒಟ್ಟು ಚುಕ್ಕೆಗಳು 33 ಪಟ್ಟಿಗಿಂತ ಹೆಚ್ಚು ಇಳಿಯುತ್ತವೆ. ಕಡತವು ಸರಿಯಾಗಿ ಅಷ್ಟೇ ಪಟ್ಟು ಇಳಿಯದಿದ್ದರೂ ಗಣನೀಯವಾಗಿ ಹಗುರವಾಗುತ್ತದೆ. 2 ಎಂ.ಬಿ.ಯೊಳಗೆ ಇದ್ದರೆ ಸಿಗ್ನಲ್ ಕಡಿಮೆ ಇರುವ ಊರಿಗೂ ಬೇಗ ತಲುಪೀತು. ಆದರೆ ಅಕ್ಷರ ಓದಲಾಗದಷ್ಟು ಕುಗ್ಗಿಸಬಾರದು. ಕುಗ್ಗಿಸಿದ ಮೇಲೆ ಮನೆಯ ಹಿರಿಯರ ಕೈಗೆ ಕೊಟ್ಟು ಓದಿಸಿ ನೋಡಿ. ಕೊನೆಯ ಬಿಡಿಚಿತ್ರ 2ರಿಂದ 3 ಸೆಕೆಂಡು ನಿಲ್ಲುವಂತಿರಲಿ; ಇಲ್ಲವಾದರೆ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂಬುದೇ ತಿಳಿಯದು.

ಎಚ್ಚರ ತಪ್ಪಬಾರದು

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇದು. ಪರದೆಯ ಮೇಲೆ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ, ಒ.ಟಿ.ಪಿ. ಇವು ಕಾಣಿಸಿಕೊಳ್ಳುತ್ತವೆ. ಕಣ್ಣಿಗೆ ಕ್ಷಣಮಾತ್ರ ಮಿಂಚಿ ಹೋಯಿತೆಂದು ನಿರ್ಲಕ್ಷಿಸಬೇಡಿ. ಜಿಫ್ ಅನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡಲು ಬರುತ್ತದೆ. ಒಂದೇ ಬಿಡಿಚಿತ್ರದಲ್ಲಿ ಸಂಖ್ಯೆ ಉಳಿದಿದ್ದರೂ ಅದು ಬಯಲಾದಂತೆಯೇ. ಹೀಗೆ ಮಾಡಿ:

ಲಾಗಿನ್ ಮತ್ತು ಒ.ಟಿ.ಪಿ. ಹಂತ ಮುಗಿದ ಮೇಲೆಯೇ ಚಿತ್ರೀಕರಣ ಪ್ರಾರಂಭಿಸಿ. ಮರೆಮಾಡಬೇಕಾದ ಜಾಗಕ್ಕೆ ಪ್ರತಿಯೊಂದು ಬಿಡಿಚಿತ್ರದಲ್ಲೂ ಗಟ್ಟಿ ಕಪ್ಪು ಬಣ್ಣ ಬಳಿಯಿರಿ. ಮಸುಕು ಮಾಡಿದರೆ ಸಾಲದು. ಮಸುಕಾದ ಅಂಕಿಗಳನ್ನು ಊಹಿಸಲು ಕೆಲವೊಮ್ಮೆ ಸಾಧ್ಯ. ಪರಿಚಯವಿಲ್ಲದ ಜಾಲತಾಣಕ್ಕೆ ನಿಮ್ಮ ವಿಡಿಯೋ ಏರಿಸಿ ಪರಿವರ್ತಿಸಿಕೊಳ್ಳಬೇಡಿ. ಬೇರೆಯವರ ಜಮೀನಿನ ವಿವರವಿದ್ದರೆ ಅವರ ಒಪ್ಪಿಗೆ ಪಡೆಯಿರಿ. ಹಂಚುವ ಮೊದಲು ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ಪರಿಶೀಲಿಸಿ. ಒಮ್ಮೆ ಗುಂಪಿಗೆ ಹೋದ ಚಿತ್ರ ಯಾರ ಯಾರ ಫೋನಿನಲ್ಲಿ ಉಳಿಯುತ್ತದೋ ಹೇಳಲಾಗದು.

ಹಂಚಿಕೆ

ವಾಟ್ಸಾಪ್ ಚಿತ್ರವನ್ನು ತನ್ನ ರೀತಿಯಲ್ಲಿ ಮತ್ತೊಮ್ಮೆ ಕುಗ್ಗಿಸುತ್ತದೆ. ಅಕ್ಷರ ಮಸುಕಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಬಹುದು. ಆಗ ನೋಡುವವರು ಅದನ್ನು ತೆರೆದು ನೋಡಬೇಕಾಗುತ್ತದೆ. ಹಲವು ಹಂತಗಳಿದ್ದರೆ ಪ್ರತಿ ಚಿತ್ರದ ಮೇಲೆ 1, 2, 3 ಎಂದು ಸಂಖ್ಯೆ ಹಾಕಿ. ಜೊತೆಗೆ ಹಂಗಾಮು ಮತ್ತು ವರ್ಷವನ್ನು ತಪ್ಪದೆ ಬರೆಯಿರಿ. ಆ್ಯಪ್‌ನ ಪರದೆ ಬದಲಾಗುತ್ತಿರುತ್ತದೆ. ಹಳೆಯ ಬೀಜ ಮೊಳೆಯದಿದ್ದರೆ ಬಿತ್ತಿದ ಶ್ರಮವಷ್ಟೇ ಹಾಳು, ಹಳೆಯ ಪಾಠವಾದರೆ ತಪ್ಪು ದಾರಿಗೂ ಎಳೆಯುತ್ತದೆ.

ಊರಿನ ಯುವಕ, ಯುವತಿಯರು ಒಂದು ಸಂಜೆ ಕುಳಿತರೆ ಇಂತಹ ನಾಲ್ಕಾರು ಚಿತ್ರಗಳನ್ನು ಮಾಡಬಹುದು. ಅವುಗಳ ಸಹಾಯದಿಂದ ಹಿರಿಯರು ತಮ್ಮ ಹೊಲದಲ್ಲೇ ನಿಂತು, ತಮ್ಮ ಬೆಳೆಯನ್ನು ತಮ್ಮ ಕೈಯಾರೆ ದಾಖಲಿಸುವಂತಾದರೆ ಶ್ರಮ ಸಾರ್ಥಕ. ಈ ಹಂಗಾಮಿನ ಸಮೀಕ್ಷೆ ಪ್ರಾರಂಭವಾಗುವ ಮುನ್ನವೇ ಒಂದನ್ನು ಮಾಡಿ ನೋಡಿ.