ಬಡ್ಡಿ ರಿಚ್: ಬಾಲಪ್ರತಿಭೆಯ ಕಟ್ಟುಕತೆಗಳು, ವೃತ್ತಿಯ ವಾಸ್ತವ

ಅಮೆರಿಕದ ಜಾಝ್ ಡ್ರಮ್ಮರ್ ಬಡ್ಡಿ ರಿಚ್ (1917–1987) ಅವರನ್ನು ಬಾಲ್ಯದ ಖ್ಯಾತಿಯೇ ಸಲೀಸಾಗಿ ದೊಡ್ಡ ಸಂಗೀತಗಾರರ ಸಾಲಿಗೆ ತಂದು ಕೂರಿಸಿತು ಎಂದು ಬಹಳ ಮಂದಿ ನಂಬುತ್ತಾರೆ. ಖ್ಯಾತಿಯೇನೋ ನಿಜ. ಅವರು ಹುಟ್ಟಿದ್ದು ಬ್ರೂಕ್ಲಿನ್‌ನಲ್ಲಿ, ತಂದೆತಾಯಿ ವಾಡ್‌ವಿಲ್ ಕಲಾವಿದರು. ಹಾಡು, ಕುಣಿತ, ಹಾಸ್ಯ, ಕಸರತ್ತು ಎಲ್ಲವೂ ಒಂದೇ ಟಿಕೆಟ್ಟಿಗೆ ಸಿಗುತ್ತಿದ್ದ ರಂಗಪ್ರದರ್ಶನ ಅದು. ಮಗು ಒಂದೂವರೆ ವರ್ಷಕ್ಕೇ ವೇದಿಕೆ ಹತ್ತಿತೆಂಬುದು ಮನೆಯವರು ಹೇಳುತ್ತಿದ್ದ ಕತೆ. ಇಂಥ ಕತೆಗಳಿಗೆ ತುಸು ಉಪ್ಪುಖಾರ ಬೆರೆಯುವುದು ಸಹಜ. ‘ಟ್ರ್ಯಾಪ್ಸ್, ದಿ ಡ್ರಮ್ ವಂಡರ್’ ಎಂಬ ಹೆಸರಿನಲ್ಲಿ ಊರೂರು ಸುತ್ತಿದ ಈ ಹುಡುಗ ಹನ್ನೊಂದನೆಯ ವಯಸ್ಸಿಗೆ ವಾದ್ಯವೃಂದವೊಂದರ ನಾಯಕನೂ ಆಗಿದ್ದ.

ಆದರೆ ಜನ ದುಡ್ಡು ಕೊಟ್ಟು ನೋಡುತ್ತಿದ್ದದ್ದು ಪುಟ್ಟ ಕೈಗಳು ಮಾಡುವ ದೊಡ್ಡ ಕೆಲಸವನ್ನು. ಮೀಸೆ ಚಿಗುರಿದ ಮೇಲೆ ಆ ಬೆರಗಿಗೆ ಬೆಲೆ ಉಳಿಯಲಿಲ್ಲ. ಅತ್ತ ಮಾತಿನ ಚಿತ್ರಗಳು ಬಂದು ವಾಡ್‌ವಿಲ್ಲೇ ನೆಲಕಚ್ಚಿತು. 1937ರಲ್ಲಿ ಜೋ ಮಾರ್ಸಾಲಾ ಅವರ ಜಾಝ್ ತಂಡ ಸೇರಿದಾಗ ರಿಚ್ ಆ ಲೋಕಕ್ಕೆ ಹೊಸಬ. ಒಬ್ಬನೇ ನುಡಿಸಿ ಚಪ್ಪಾಳೆ ಗಿಟ್ಟಿಸುವುದು ಬೇರೆ, ಹಾಡಿನುದ್ದಕ್ಕೂ ಉಳಿದ ವಾದ್ಯಗಳಿಗೆ ಲಯ ಹಿಡಿದುಕೊಡುವುದು ಬೇರೆ. ಈ ಎರಡನೆಯ ವಿದ್ಯೆ ಪಳಗಿದ್ದು ಬನ್ನಿ ಬೆರಿಗನ್, ಆರ್ಟಿ ಶಾ, ಟಾಮಿ ಡಾರ್ಸಿ ಅವರ ತಂಡಗಳಲ್ಲಿ.

ಅವರು ಅಭ್ಯಾಸವನ್ನೇ ಮಾಡುತ್ತಿರಲಿಲ್ಲ, ಎಲ್ಲವೂ ಹುಟ್ಟಿನಿಂದ ಬಂದದ್ದು ಎಂಬ ಮಾತಿಗೆ ಸ್ವತಃ ರಿಚ್ ಅವರೇ ಇಂಬು ಕೊಟ್ಟಿದ್ದರು. ಕ್ರಮಬದ್ಧ ಪಾಠ ಅವರಿಗೆ ಆಗಿರಲಿಲ್ಲ, ಸರಿ. ಆದರೆ ಮಾತು ಕಲಿಯುವ ವಯಸ್ಸಿನಿಂದ ಪ್ರೇಕ್ಷಕರ ಮುಂದೆ ನುಡಿಸುತ್ತ ಬಂದವರಿಗೆ ಆ ಪ್ರದರ್ಶನಗಳೇ ಸಾಧನೆ. ಅವರ ಸೋಲೋಗಳನ್ನು ನೋಡಿದರೆ ಇದು ತಿಳಿಯುತ್ತದೆ: ಕಡ್ಡಿಗಳು ಸ್ನೇರ್ ಡ್ರಮ್ಮಿನಿಂದ ಮೇಲೇಳುವುದೇ ಕಾಣದಷ್ಟು ಮೆಲುವಾಗಿ ಉರುಳಿಕೆ ಶುರುವಾಗುತ್ತದೆ, ಬಿರುಸು ಒಂದಿಷ್ಟೂ ತಗ್ಗದೆ ಸದ್ದು ಮಾತ್ರ ಏರುತ್ತ ಹೋಗುತ್ತದೆ. ಬರೀ ವೇಗವೇ ಅವರ ಹೆಚ್ಚುಗಾರಿಕೆ ಎನ್ನುವವರು ಈ ಮೆಲುದನಿಯ ಹಿಡಿತವನ್ನು ಗಮನಿಸಿದಂತಿಲ್ಲ.

ಸ್ವರಲಿಪಿ ಓದಲು ಬರುತ್ತಿರಲಿಲ್ಲ ಎಂಬುದು ನಿಜ. ಹಾಗಾಗಿ ಅವರು ಅಂದಾಜಿನಲ್ಲಿ ಬಾರಿಸುತ್ತಿದ್ದರೆಂಬುದು ಸುಳ್ಳು. ಹೊಸ ರಚನೆ ಬಂದಾಗ ತಾಲೀಮಿನಲ್ಲಿ ಬೇರೊಬ್ಬ ಡ್ರಮ್ಮರ್ ನುಡಿಸುತ್ತಿದ್ದ, ರಿಚ್ ಕುಳಿತು ಕೇಳಿಸಿಕೊಂಡು ಬಳಿಕ ನೆನಪಿನಿಂದ ನುಡಿಸುತ್ತಿದ್ದರು. ‘ವೆಸ್ಟ್ ಸೈಡ್ ಸ್ಟೋರಿ’ ಸಂಗೀತನಾಟಕದ ಹಾಡುಗಳನ್ನು ಹೆಣೆದ, ಹಲವು ತಿರುವುಗಳ ಮೆಡ್ಲಿಯನ್ನೂ ನುಡಿಸಿದ್ದು ಕಿವಿಯ ಬಲದಿಂದಲೇ. ಗುರುಮುಖದಿಂದ ಕೇಳಿ ಕಲಿಯುವ ನಮ್ಮ ತಬಲಾ, ಮೃದಂಗದವರಿಗೆ ಇದರಲ್ಲಿ ಸೋಜಿಗವೇನೂ ಕಾಣದು. 1968ರಲ್ಲಿ ತಬಲಾ ವಾದಕ ಉಸ್ತಾದ್ ಅಲ್ಲಾ ರಖಾ ಅವರೊಂದಿಗೆ ರಿಚ್ ಒಂದು ಆಲ್ಬಂ ಕೂಡ ಹೊರತಂದರು.

ಹೆಸರು ಬಂದ ಮೇಲೆ ಅವರಿಗೆ ಏಳುಬೀಳು ಇರಲಿಲ್ಲ ಎನ್ನುವಂತೆಯೂ ಇಲ್ಲ. ಗಾಯಕ ಫ್ರಾಂಕ್ ಸಿನಾತ್ರಾ ಅವರ ಹಣದ ನೆರವಿನಿಂದ 1940ರ ದಶಕದಲ್ಲಿ ಕಟ್ಟಿದ ಸ್ವಂತ ತಂಡ ಬಾಳಲಿಲ್ಲ. 1959ರಲ್ಲಿ ಹೃದಯಾಘಾತವಾಯಿತು. ರಾಕ್ ಸಂಗೀತದ ಅಬ್ಬರದಲ್ಲಿ ಬಿಗ್ ಬ್ಯಾಂಡ್‌ಗಳು, ಅಂದರೆ ದೊಡ್ಡ ಜಾಝ್ ವಾದ್ಯವೃಂದಗಳು, ಮೂಲೆ ಸೇರಿದ್ದ 1966ರಲ್ಲಿ, ಹ್ಯಾರಿ ಜೇಮ್ಸ್ ತಂಡದ ಭದ್ರ ಸಂಬಳ ಬಿಟ್ಟು ಮತ್ತೆ ತಮ್ಮದೇ ಬಿಗ್ ಬ್ಯಾಂಡ್ ಕಟ್ಟಿದರು. ಆ ಹೊತ್ತಿಗದು ಹುಚ್ಚು ಸಾಹಸವೇ, ಆದರೂ ನಡೆಯಿತು. ಅವರ ಬಿಗ್ ಬ್ಯಾಂಡ್ ಕಚೇರಿಗಳು ಬದುಕಿನ ಕೊನೆಯ ವರ್ಷಗಳವರೆಗೂ ಮುಂದುವರಿದವು.