ಕೊನೆಯ ದಿನಗಳ ಆರೈಕೆ ಕೇಂದ್ರ: ಸೇರಿಸುವ ಮೊದಲು ಏನು ನೋಡಬೇಕು?

"ಇನ್ನು ನಮ್ಮ ಕೈಲಿ ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ" ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿ ಕಳಿಸಿದ ಮೇಲೆ ಬಹಳ ಮಂದಿ ನಮ್ಮ ಸಮಾಜ ಸೇವಾ ಸಂಸ್ಥೆಯ ಕಛೇರಿಗೆ ಬರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರಿನ ತುಂಬ ಸ್ಕ್ಯಾನು, ರಿಪೋರ್ಟು. ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸಿಸ್ಟರ್, ಅಪ್ಪನ್ನ ಇಟ್ಕೊಳ್ಳೋ ಜಾಗ ಎಲ್ಲಾದ್ರೂ ಇದೆಯಾ?" ತೊಂದರೆ ಶುರುವಾಗುವುದೇ ಈ ಮಾತಿನಿಂದ. ಇಟ್ಟುಕೊಳ್ಳುವ ಜಾಗ ಬೇರೆ, ನೋವು ನೋಡಿಕೊಳ್ಳುವ ಜಾಗ ಬೇರೆ. ಮೊದಲನೆಯದು ಬೇಕಾದಷ್ಟಿವೆ. ಎರಡನೆಯದನ್ನು ಹುಡುಕಿ, ಪರೀಕ್ಷೆ ಮಾಡಿ ಆರಿಸಿಕೊಳ್ಳಬೇಕು. ಅದನ್ನು ಹೇಗೆ ಮಾಡುವುದು ಎಂದು ತಿಳಿಸುವುದಕ್ಕೇ ಈ ಬರಹ.

ಗುಣವಾಗದ ಹಂತ ತಲುಪಿದ ರೋಗಿಯ ನೋವು, ವಾಂತಿ, ಉಬ್ಬಸ, ಗಾಯ, ನಿದ್ದೆಗೇಡು ಇವನ್ನೆಲ್ಲ ಹತೋಟಿಗೆ ತಂದು, ಉಳಿದ ದಿನಗಳನ್ನು ನೆಮ್ಮದಿಯಾಗಿ ಕಳೆಯಲು ನೆರವಾಗುವ ಕೇಂದ್ರಕ್ಕೆ ಹಾಸ್ಪಿಸ್ ಎನ್ನುತ್ತಾರೆ. ಅಲ್ಲಿ ಕೊಡುವ ಸೇವೆಗೆ ಕನ್ನಡದಲ್ಲಿ ಉಪಶಮನ ಆರೈಕೆ ಎಂಬ ಹೆಸರು. ನಮ್ಮ ದೇಶದಲ್ಲಿ ಇಂಥ ಮೊದಲ ಕೇಂದ್ರ 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಆರಂಭವಾದ ಶಾಂತಿ ಅವೇದನ ಸದನ. ಬೆಂಗಳೂರಿನ ಮಾರತ್‌ಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಹೀಗೆ ಹೆಸರು ಗಳಿಸಿದ ಕೇಂದ್ರಗಳು ಕೈಬೆರಳಲ್ಲಿ ಎಣಿಸುವಷ್ಟು. ಆದರೆ ಊರೂರಿನಲ್ಲಿ "ಹಾಸ್ಪಿಸ್", "ಆರೈಕೆ ಮನೆ" ಎಂಬ ಬೋರ್ಡುಗಳು ಕಾಣಿಸುತ್ತವೆ. ಕೆಲವು ನಿಜವಾದವು, ಕೆಲವು ವೃದ್ಧಾಶ್ರಮಕ್ಕೇ ಬೇರೆ ಬೋರ್ಡು ತಗುಲಿಸಿದವು. ಬೋರ್ಡು ನೋಡಿ ಗೊತ್ತಾಗುವುದಿಲ್ಲ. ಟೈಲ್ಸ್ ಹಾಕಿದ ನೆಲ, ಹೂವಿನ ಕುಂಡ, ಮಾತೆ ಮರಿಯಮ್ಮನವರ ದೊಡ್ಡ ಸ್ವರೂಪ, ಇವುಗಳಿಂದಲೂ ಗೊತ್ತಾಗುವುದಿಲ್ಲ.

ಮೊದಲ ಪ್ರಶ್ನೆ: ಮಾರ್ಫಿನ್ ಇದೆಯಾ?

ನಾಚಿಕೆಪಡದೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ಕ್ಯಾನ್ಸರಿನ ಜೋರಾದ ನೋವಿಗೆ ಪ್ಯಾರಾಸಿಟಮಾಲ್ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ನೋವಿನ ಮಟ್ಟಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಔಷಧಿ ಕೊಡುವ ಕ್ರಮ ತಿಳಿಸಿತ್ತು. ಅದರ ಮೇಲಿನ ಮೆಟ್ಟಿಲಲ್ಲಿರುವುದು ಮಾರ್ಫಿನ್. ಇದು ದುಬಾರಿ ಔಷಧಿಯೇನೂ ಅಲ್ಲ, ಬಾಯಲ್ಲಿ ನುಂಗುವ ಸಣ್ಣ ಮಾತ್ರೆ. ಸಿಗದೆ ಹೋದದ್ದು ಕಾನೂನಿನ ಭಯದಿಂದ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಹಲವು ಬಗೆಯ ಲೈಸೆನ್ಸುಗಳ ರಗಳೆಗೆ ಹೆದರಿ ಆಸ್ಪತ್ರೆಗಳೇ ಅದನ್ನು ಇಡುವುದು ಬಿಟ್ಟವು. ಅಫೀಮಿನ ಬೆಳೆ ಇರುವ ನಮ್ಮ ದೇಶದಲ್ಲೇ ನಮ್ಮ ಜನ ನೋವಿನಲ್ಲಿ ಕೂಗಿಕೊಂಡು ಸಾಯುವ ಸ್ಥಿತಿ. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮೊದಲಾದವರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 2014ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಆಯಿತು. ಈಗ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಮಾರ್ಫಿನ್ ಇಟ್ಟುಕೊಳ್ಳಲು ಹಿಂದಿನಷ್ಟು ಅಲೆಯಬೇಕಾಗಿಲ್ಲ. ಹಾಗಾಗಿ "ಗೌರ್ಮೆಂಟ್ ಪರ್ಮಿಷನ್ ಕೊಡಲ್ಲ" ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿ. ಮಾನ್ಯತೆಗೆ ಅರ್ಜಿ ಹಾಕಿದ್ದೀರಾ ಎಂದು ತಿರುಗಿ ಕೇಳಿ.

ಇದೆ ಎಂದರೆ ಅಲ್ಲಿಗೇ ಬಿಡಬೇಡಿ. "ಎಷ್ಟು ಗಂಟೆಗೊಮ್ಮೆ ಕೊಡ್ತೀರಿ?" ಎಂದು ಕೇಳಿ. ಸಾಧಾರಣ ಮಾರ್ಫಿನ್ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ. ಆದ್ದರಿಂದ ಗಡಿಯಾರ ನೋಡಿಕೊಂಡು ನಾಲ್ಕು ಗಂಟೆಗೊಮ್ಮೆ ಕೊಡಬೇಕು, ನೋವು ಮರಳುವ ಮೊದಲೇ. ಮಧ್ಯೆ ನೋವು ಎದ್ದರೆ ಕೊಡಲು ಇನ್ನೊಂದು ಡೋಸು ಬರೆದಿಟ್ಟಿರಬೇಕು. "ನೋವು ಅಂತ ಕೂಗಿದಾಗ ಇಂಜೆಕ್ಷನ್ ಕೊಡ್ತೀವಿ" ಎಂದರೆ ಅಲ್ಲಿ ಉಪಶಮನ ಆರೈಕೆ ಕಲಿತವರಿಲ್ಲ ಎಂದೇ ತಿಳಿಯಿರಿ. ಮಾರ್ಫಿನ್ ಜೊತೆಗೆ ಮಲ ಸಲೀಸಾಗುವ ಔಷಧಿಯನ್ನು ಮೊದಲ ದಿನದಿಂದಲೇ ಕೊಡುತ್ತಾರಾ ಎಂಬುದು ಇನ್ನೊಂದು ಒಳ್ಳೆಯ ಪರೀಕ್ಷೆ. ಮಾರ್ಫಿನ್ ತೆಗೆದುಕೊಂಡವರಿಗೆ ಮಲಬದ್ಧತೆ ಬರದೇ ಇರುವುದು ಅಪರೂಪ. ತಿಳಿದವರು ಎರಡನ್ನೂ ಒಟ್ಟಿಗೇ ಬರೆಯುತ್ತಾರೆ.

ಮನೆಯವರಿಗೂ ಒಂದು ಮಾತು. "ಅದು ಚಟ ಹಿಡಿಸುತ್ತೆ", "ಮಾರ್ಫಿನ್ ಕೊಟ್ರೆ ಎರಡೇ ದಿನ" ಎಂಬ ಮಾತುಗಳನ್ನು ನಾವು ಮನೆ ಮನೆಯಲ್ಲಿ ಕೇಳುತ್ತೇವೆ. ತಿಳಿದ ವೈದ್ಯರು ನೋವಿಗೆ ತಕ್ಕಷ್ಟು ಕೊಟ್ಟಾಗ ಕ್ಯಾನ್ಸರ್ ರೋಗಿಗೆ ಚಟ ಹತ್ತುವುದು ತೀರಾ ವಿರಳ, ಆಯಸ್ಸೂ ಕಡಿಮೆಯಾಗುವುದಿಲ್ಲ. ಮೊದಲ ಒಂದೆರಡು ದಿನ ತೂಕಡಿಕೆ ಇರುತ್ತದೆ. ಎಷ್ಟೋ ರಾತ್ರಿಗಳ ನಿದ್ದೆ ಬಾಕಿ ಇರುವವರು ನೋವು ಇಳಿದಾಗ ಮಲಗುವುದು ಸಹಜವಲ್ಲವೇ?

ನೋವನ್ನು ಅಳೆಯುತ್ತಾರಾ ಎಂಬುದನ್ನೂ ನೋಡಿ. ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳಿ ಬರೆದಿಡುವುದು ಎಲ್ಲ ಕಡೆ ರೂಢಿ. ಹಳ್ಳಿಯ ಅಜ್ಜಿಯರಿಗೆ ಈ ಲೆಕ್ಕ ಹಿಡಿಸುವುದಿಲ್ಲ, "ಒಂದು ರೂಪಾಯಿಗೆ ಎಷ್ಟಾಣೆ ನೋವಿದೆ ಅಮ್ಮಾ?" ಎಂದು ಕೇಳಿದರೆ ಥಟ್ಟನೆ "ಹನ್ನೆರಡಾಣೆ" ಅಂತಾರೆ. ಹೇಗೆ ಕೇಳಿದರೂ ಸರಿ, ಕೇಳಿ ಬರೆದಿರಬೇಕು. ನಾಳೆ ಹನ್ನೆರಡಾಣೆ ನಾಲ್ಕಾಣೆಗೆ ಇಳಿಯಿತೇ ಎಂದು ನೋಡಬೇಕು. ಹಾಸಿಗೆಯ ಹತ್ತಿರ ಆ ಚಾರ್ಟೇ ಇಲ್ಲದಿದ್ದರೆ ಅಲ್ಲಿ ನೋವಿನ ಲೆಕ್ಕ ಇಟ್ಟವರು ಯಾರೂ ಇಲ್ಲ.

ಪ್ರೀತಿ ಇದ್ದರೆ ಸಾಲದೇ?

ಈ ಪ್ರಶ್ನೆಯನ್ನು ನಮ್ಮ ಧಾರ್ಮಿಕ ಸಭೆಗಳು ನಡೆಸುವ ಮನೆಗಳ ಬಗ್ಗೆ ವಿಶ್ವಾಸಿಗಳು ಕೇಳುತ್ತಾರೆ. "ಸಿಸ್ಟರ್‌ಗಳು ನೋಡ್ಕೊತಾರೆ ಅಂದ್ಮೇಲೆ ಇನ್ನೇನು ವಿಚಾರಿಸೋದು?" ಎಂದು. ನಮ್ಮ ಉತ್ತರ: ಅಲ್ಲಿಯೂ ಇದೇ ಪ್ರಶ್ನೆಗಳನ್ನು ಕೇಳಿ. ಆಧುನಿಕ ಹಾಸ್ಪಿಸ್ ಚಳವಳಿಯ ತಾಯಿ ಎನಿಸಿದ ಡೇಮ್ ಸಿಸಿಲಿ ಸಾಂಡರ್ಸ್ 1958ರಲ್ಲಿ ಕೆಲಸಕ್ಕೆ ಸೇರಿದ್ದು ಲಂಡನ್ನಿನಲ್ಲಿ ಐರಿಷ್ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಸೇಂಟ್ ಜೋಸೆಫ್ಸ್ ಹಾಸ್ಪಿಸ್‌ಗೆ. ಪ್ರೀತಿಗೆ, ಪ್ರಾರ್ಥನೆಗೆ ಅಲ್ಲಿ ಕೊರತೆ ಇರಲಿಲ್ಲ. ಅವರು ಅಲ್ಲಿಗೆ ತಂದದ್ದು ಎರಡು ವಸ್ತು: ಪ್ರತಿ ರೋಗಿಯ ದಾಖಲೆ ಮತ್ತು ಹೊತ್ತುಹೊತ್ತಿಗೆ ತಪ್ಪದ ನೋವಿನ ಔಷಧಿ. ಆ ಅನುಭವದ ಮೇಲೆಯೇ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆರಂಭವಾಯಿತು.

ನೋವು ಸಹಿಸುವುದೇ ಪುಣ್ಯ, ಕ್ರಿಸ್ತರ ಶಿಲುಬೆಯಲ್ಲಿ ಪಾಲು ಎಂದು ಹೇಳಿ ಔಷಧಿ ತಡೆಯುವವರೂ ನಮ್ಮಲ್ಲಿ ಇದ್ದಾರೆ. ತನ್ನ ನೋವನ್ನು ದೇವರಿಗೆ ಅರ್ಪಿಸುವುದು ರೋಗಿಯ ಸ್ವಂತ ಇಚ್ಛೆ. ಪಕ್ಕದಲ್ಲಿ ಆರೋಗ್ಯವಾಗಿ ನಿಂತವರು ಅದನ್ನು ಅವರ ಮೇಲೆ ಹೇರುವಂತಿಲ್ಲ. ನೋವು ಶಮನದ ಔಷಧಿಗೆ ಧರ್ಮಸಭೆಯ ಅಡ್ಡಿಯಿಲ್ಲ ಎಂದು 12ನೇ ಪಿಯುಸ್ ಜಗದ್ಗುರುಗಳು 1957ರಲ್ಲೇ ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿದ್ದರು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2279ನೇ ಸಂಖ್ಯೆಯಲ್ಲಿ ಉಪಶಮನ ಆರೈಕೆಯನ್ನು ಪ್ರೋತ್ಸಾಹಿಸಬೇಕಾದ ಪ್ರೇಮಕಾರ್ಯ ಎಂದೇ ಪರಿಗಣಿಸಲಾಗಿದೆ. ವೆಂಟಿಲೇಟರಿನಂಥ, ಫಲವಿಲ್ಲದೆ ಬರೀ ಹಿಂಸೆಯಾಗುವ ಚಿಕಿತ್ಸೆ ಬೇಡವೆನ್ನುವುದೂ ದಯಾಮರಣವಲ್ಲ. ಅದೇ ಗ್ರಂಥ ಹಿಂದಿನ ಸಂಖ್ಯೆಯಲ್ಲಿ ಇದನ್ನು ಬಿಡಿಸಿ ಹೇಳಿದೆ. ನಮ್ಮ ಸುಪ್ರೀಂ ಕೋರ್ಟು ಸಹ 2018ರಲ್ಲಿ ಇಂಥ ಇಚ್ಛೆಯನ್ನು ಮುಂಚಿತವಾಗಿ ಬರೆದಿಡಲು ಅವಕಾಶ ಕೊಟ್ಟು, 2023ರಲ್ಲಿ ಅದರ ವಿಧಾನವನ್ನು ಸುಲಭ ಮಾಡಿದೆ.

ಕಣ್ಣು, ಮೂಗು, ಮತ್ತು ರಾತ್ರಿ ಹೊತ್ತು

ಕೇಂದ್ರಕ್ಕೆ ಮುಂಚೆ ತಿಳಿಸಿ ಹೋದರೆ ಆಫೀಸು ರೂಮಿನಲ್ಲಿ ಕೂರಿಸಿ ಕಾಫಿ ಕೊಡುತ್ತಾರೆ. ಸಾಧ್ಯವಾದರೆ ಸಂಜೆ ಮೇಲೆ, ಹೇಳದೆ ಹೋಗಿ. ವಾರ್ಡಿನೊಳಗೆ ಹೋಗಲು ಅನುಮತಿ ಕೇಳಿ. ಇತರ ರೋಗಿಗಳ ಮರ್ಯಾದೆ ಕಾಯಲು ಒಳಗೆಲ್ಲ ತಿರುಗಾಡಲು ಬಿಡದೇ ಇರಬಹುದು, ಅದು ನ್ಯಾಯವೇ. ಆದರೆ ದಾಖಲಾದ ರೋಗಿಯ ಮನೆಯವರನ್ನೂ ಗೇಟಿನಲ್ಲೇ ನಿಲ್ಲಿಸುವ ಕಡೆ ನಾವು ಯಾರನ್ನೂ ಕಳಿಸುವುದಿಲ್ಲ.

ಒಳಗೆ ಹೋದಾಗ ಮೂಗು ಬಹಳ ಹೇಳುತ್ತದೆ. ಬಾಯಿ ಕ್ಯಾನ್ಸರ್, ಸ್ತನ ಕ್ಯಾನ್ಸರಿನ ಕೊಳೆತ ಗಾಯಗಳಿಂದ ಬರುವ ವಾಸನೆ ರೋಗಿಗೆ ನೋವಿಗಿಂತ ಹೆಚ್ಚು ಅವಮಾನ ಕೊಡುತ್ತದೆ. ಮೊಮ್ಮಕ್ಕಳು ಹತ್ತಿರ ಬರುವುದಿಲ್ಲ, ಸೊಸೆ ಸೆರಗು ಮೂಗಿಗೆ ಹಿಡಿಯುತ್ತಾಳೆ. ಇದಕ್ಕೆ ಅಗ್ಗದ ಉಪಾಯವಿದೆ: ಗಾಯ ತೊಳೆದು ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಉದುರಿಸಿ ಪಟ್ಟಿ ಕಟ್ಟುವುದು. ದಿನವೂ ಮಾಡಿದರೆ ಕೆಲವೇ ದಿನದಲ್ಲಿ ವಾಸನೆ ಇಳಿಯುತ್ತದೆ. ಒಳ್ಳೆಯ ಕೇಂದ್ರದಲ್ಲಿ ಇಂಥ ರೋಗಿಗಳಿದ್ದರೂ ವಾರ್ಡು ವಾರ್ಡಿನ ಹಾಗೇ ಇರುತ್ತದೆ. ಫಿನಾಯಿಲ್, ಊದುಬತ್ತಿಯ ಘಾಟು ಜೋರಾಗಿದ್ದರೆ ಏನನ್ನು ಮುಚ್ಚುತ್ತಿದ್ದಾರೆ ಎಂದು ಯೋಚಿಸಿ.

ಎದ್ದು ಓಡಾಡಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಸೊಂಟದಲ್ಲಿ ಹುಣ್ಣಾಗುತ್ತದೆ. ಮಗ್ಗುಲು ಬದಲಿಸಿದ್ದನ್ನು ಎಲ್ಲಿ ಬರೆಯುತ್ತೀರಿ ಎಂದು ಕೇಳಿ. ರೋಗಿಯ ತುಟಿ, ನಾಲಿಗೆ ನೋಡಿ. ಒಣಗಿ ಬಿರಿದು ಬಿಳಿ ಕಟ್ಟಿದ್ದರೆ ಬಾಯಿ ಒರೆಸುವವರಿಲ್ಲ. ಉಗುರು ಕತ್ತರಿಸಿದೆಯಾ, ಗಂಡಸರಿಗೆ ಗಡ್ಡ ತೆಗೆದಿದೆಯಾ? ಇವೆಲ್ಲ ಸಣ್ಣ ಸಂಗತಿ ಅನ್ನಿಸಬಹುದು, ಆದರೆ ಇವನ್ನು ಕೇಳಿದ್ದಕ್ಕೆ ಮುನಿಸಿಕೊಳ್ಳುವ ಮೇಲ್ವಿಚಾರಕರನ್ನು ನಾವು ಕಂಡಿದ್ದೇವೆ, ಖುಷಿಯಿಂದ ಪುಸ್ತಕ ತೆರೆದು ತೋರಿಸುವವರನ್ನೂ ಕಂಡಿದ್ದೇವೆ.

ರಾತ್ರಿಯ ವಿಷಯ ಬಿಡಲೇಬಾರದು. ನೋವು, ಉಬ್ಬಸ, ಭಯ ಎಲ್ಲ ಹೆಚ್ಚುವುದು ರಾತ್ರಿಯೇ. ರಾತ್ರಿ ಪಾಳಿಯಲ್ಲಿ ತರಬೇತಾದ ನರ್ಸು ಎಷ್ಟು ಮಂದಿ, ಎಷ್ಟು ಹಾಸಿಗೆಗೆ? ಔಷಧಿ ಬೀರುವಿನ ಕೀಲಿಕೈ ಯಾರ ಹತ್ತಿರ ಇರುತ್ತದೆ? ಹಗಲಿಗೆ ನಾಲ್ಕು ನರ್ಸಿದ್ದು, ರಾತ್ರಿ ಬರೀ ಆಯಾ ಮತ್ತು ವಾಚ್‌ಮನ್ ಇರುವ ಒಂದು ಕೇಂದ್ರಕ್ಕೆ ನಮ್ಮ ಕಾರ್ಯಕರ್ತರು ಹೋಗಿದ್ದರು. ಅಲ್ಲಿ ಮಾರ್ಫಿನ್ ಇತ್ತು, ಬೀಗ ಹಾಕಿದ ಬೀರುವಿನೊಳಗೆ; ಕೀಲಿಕೈ ಮಾತ್ರ ಐದು ಕಿಲೋಮೀಟರ್ ದೂರದ ಮನೆಯಲ್ಲಿ. ನಿಮ್ಮಿಂದ ರಾತ್ರಿ ಹೋಗಲಾಗದಿದ್ದರೆ ಹತ್ತು ಗಂಟೆಗೆ ಒಂದು ಫೋನ್ ಮಾಡಿ ನೋಡಿ. ಯಾರು ಎತ್ತುತ್ತಾರೆ, ಏನು ಹೇಳುತ್ತಾರೆ ಎಂಬುದೇ ಅರ್ಧ ಉತ್ತರ.

ಯಾರ ಜೊತೆ ಮಾತಾಡುತ್ತಾರೆ?

ವೈದ್ಯರು ಬಂದಾಗ ಹಾಸಿಗೆಯಲ್ಲಿರುವವರ ಜೊತೆ ಮಾತಾಡುತ್ತಾರೋ, ಅವರ ತಲೆಯ ಮೇಲಿಂದ ಮಗನ ಜೊತೆ ಮಾತಾಡುತ್ತಾರೋ ಗಮನಿಸಿ. "ಅಮ್ಮನಿಗೆ ಹೇಳ್ಬೇಡಿ, ಎದೆ ಒಡ್ಕೊತಾಳೆ" ಎಂದು ಮಕ್ಕಳು ಬೇಡಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಅಮ್ಮನಿಗೆ ಬಹಳ ಸಲ ಗೊತ್ತಿರುತ್ತದೆ, ಮಕ್ಕಳಿಗೆ ನೋವಾಗುತ್ತದೆ ಎಂದು ಅವಳೂ ಸುಮ್ಮನಿರುತ್ತಾಳೆ. ಒಳ್ಳೆಯ ಕೇಂದ್ರದ ಸಮಾಜ ಕಾರ್ಯಕರ್ತೆ ಸುಳ್ಳೂ ಹೇಳುವುದಿಲ್ಲ, ಎದೆಗೆ ಬಡಿದ ಹಾಗೆ ಸತ್ಯವನ್ನೂ ಹೇಳುವುದಿಲ್ಲ. ರೋಗಿಗೆ ಎಷ್ಟು ತಿಳಿಯಬೇಕೆಂದಿದೆ ಎಂದು ಮೊದಲು ಕೇಳುತ್ತಾಳೆ. ಜಮೀನಿನ ಪಾಲು, ಮುನಿಸಿಕೊಂಡ ತಮ್ಮ, ಮಗಳ ಮದುವೆ ಇಂಥ ವಿಷಯಗಳನ್ನು ಮಾತಾಡಿ ಮುಗಿಸಲು ಆಗ ದಾರಿಯಾಗುತ್ತದೆ.

ನಮ್ಮವರಿಗೆ ಪಾಪನಿವೇದನೆ, ರೋಗಿಗಳ ಅಭ್ಯಂಗ, ಪರಮಪ್ರಸಾದ ಬೇಕೆಂದಾಗ ಗುರುಗಳನ್ನು ಕರೆಸುತ್ತಾರಾ ಕೇಳಿ. ಹಾಗೆಯೇ, ಪಕ್ಕದ ಹಾಸಿಗೆಯ ಹಿಂದೂ ತಾಯಿಗೆ ತುಳಸಿ ತೀರ್ಥ, ಮುಸ್ಲಿಂ ಸಹೋದರರಿಗೆ ಕಲಿಮಾ ಹೇಳುವವರು ಸಿಗುತ್ತಾರಾ ಎಂದೂ ನೋಡಿ. ಸಾಯುವವರ ನಂಬಿಕೆಯನ್ನು ಅಲುಗಾಡಿಸುವ ಕೇಂದ್ರ ಯಾವ ಧರ್ಮದವರದ್ದಾದರೂ ಒಳ್ಳೆಯ ಕೇಂದ್ರವಲ್ಲ.

ಹಣ, ಕಾಗದಪತ್ರ

ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಆ ಪ್ರಮಾಣಪತ್ರ, ದರದ ಪಟ್ಟಿ ಎಲ್ಲಿದೆ ಎಂದು ಕೇಳಿ. ಉಚಿತ ಎಂದರೆ ಯಾವುದು ಉಚಿತ? ಊಟ, ಹಾಸಿಗೆ ಮಾತ್ರವೇ, ಔಷಧಿ, ಡೈಪರ್, ಆಂಬುಲೆನ್ಸ್ ಸಹ ಸೇರಿದೆಯೇ? "ಡೊನೇಷನ್" ಎಂದು ಪಡೆದರೆ ರಸೀದಿ ಪಡೆಯಿರಿ. ಮನೆ ಪತ್ರ, ಆಸ್ತಿ ಬರೆದುಕೊಡಿ ಎನ್ನುವ ಕಡೆ ಒಂದು ನಿಮಿಷವೂ ನಿಲ್ಲಬೇಡಿ. ತೀರಿಕೊಂಡ ನಂತರ ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ ಕೊಡುತ್ತಾರಾ ಎಂದು ಸೇರಿಸುವಾಗಲೇ ತಿಳಿದುಕೊಳ್ಳಿ. ಮರಣ ನೋಂದಣಿಯ ಅವಧಿ 21 ದಿನ. ಅದು ದಾಟಿದರೆ ವಿಧವಾ ವೇತನಕ್ಕೂ ಖಾತೆ ಬದಲಾವಣೆಗೂ ಅಲೆದಾಟ.

ನಮ್ಮ ಹಳ್ಳಿಗಳಿಗೆ ಹತ್ತಿರದಲ್ಲಿ ಕೇಂದ್ರವೇ ಇಲ್ಲ ಎನ್ನುವವರಿಗೆ ಮನೆ ಭೇಟಿಯ ಸೇವೆ ಇನ್ನೊಂದು ದಾರಿ. 1993ರಲ್ಲಿ ಕೋಳಿಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಶುರುವಾದ ಕ್ಲಿನಿಕ್ಕಿನಿಂದ ಬೆಳೆದು ಕೇರಳದ ಊರೂರಿಗೆ ಹರಡಿದ್ದು ಇಂಥ ಸೇವೆಯೇ. ಕರುಣಾಶ್ರಯದವರೂ ಮನೆಗೆ ಹೋಗಿ ನೋಡುತ್ತಾರೆ. ಎಷ್ಟು ದಿನಕ್ಕೊಮ್ಮೆ ಬರುತ್ತೀರಿ, ಮುಂದಿನ ಭೇಟಿವರೆಗಿನ ಮಾತ್ರೆ ಕೊಟ್ಟು ಹೋಗುತ್ತೀರಾ, ಗಾಯ ಕಟ್ಟುವುದನ್ನು ಮನೆಯವರಿಗೆ ಕಲಿಸುತ್ತೀರಾ, ರಾತ್ರಿ ಯಾರಿಗೆ ಫೋನ್ ಮಾಡಬೇಕು? ಈ ನಾಲ್ಕಕ್ಕೆ ಸರಿಯಾದ ಉತ್ತರ ಸಿಕ್ಕರೆ ಎಷ್ಟೋ ಜನ ತಮ್ಮ ಮನೆಯ ಜಗಲಿಯಲ್ಲೇ, ತಮ್ಮವರ ನಡುವೆ ಇರಬಹುದು. ಹೆಚ್ಚಿನವರ ಆಸೆಯೂ ಅದೇ.

ಕೊನೆಯ ಎರಡು ದಿನಕ್ಕೆ ಕಾಯಬೇಡಿ. ದೊಡ್ಡಾಸ್ಪತ್ರೆಯವರು ಕೈಚೆಲ್ಲಿದ ದಿನವೇ ವಿಚಾರಿಸಲು ಶುರು ಮಾಡಿ. ಬರುವಾಗ ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ರಿಪೋರ್ಟು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ರೋಗಿಯ ಮತ್ತು ಜೊತೆಗಿರುವವರ ಆಧಾರ್ ಕಾರ್ಡಿನ ಪ್ರತಿ ತನ್ನಿ. ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಸ್ಟ್ರಿಪ್ಪುಗಳನ್ನೇ ಕವರಿಗೆ ಹಾಕಿಕೊಂಡು ಬನ್ನಿ.